ವಾರದ ಕಿವಿಯೂ ನಮ್ಮ ಮನೆಯ ಗಂಟೆಯೂ

ಯಾವ ಮನೆಯಲ್ಲೇ ಆಗಲಿ, ಕೆಲಸಗಳು ಒಮ್ಮೆ ಹಂಚಿಕೆಯಾಗಿಬಿಟ್ಟರೆ ಮುಗಿಯಿತು. ಆಮೇಲೆ ಅದನ್ನು ಬದಲಾಯಿಸುವ ಕೋರ್ಟು ಕಚೇರಿ ಎಲ್ಲೂ ಇಲ್ಲ. ಒಬ್ಬರು ಗ್ಯಾಸಿನ ಸಿಲಿಂಡರ್ ಜೋಡಿಸುವವರು, ಒಬ್ಬರು ಹಲ್ಲಿ ಓಡಿಸುವವರು, ಒಬ್ಬರು ಬೀಗರಿಗೆ ಫೋನ್ ಮಾಡಿ ಕೆಟ್ಟ ಸುದ್ದಿ ಹೇಳುವವರು. ನಮ್ಮ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಗಂಟೆ. ಪೂಜೆಯ ಗಂಟೆ. ಮಂಗಳಾರತಿಯ ಹೊತ್ತಿಗೆ ಎಲ್ಲರೂ ಹಾಡುತ್ತಾರೆ, ನಾನು ಗಂಟೆ ಬಾರಿಸುತ್ತೇನೆ. ತುಟಿ ಅಲ್ಲಾಡಿಸುವ ಅನುಮತಿ ಉಂಟು, ಸ್ವರ ಹೊರಡಿಸುವ ಅನುಮತಿ ಇಲ್ಲ.

ಇದಕ್ಕೆ ಕಾರಣ ನನ್ನ ಕಂಠ. ನನ್ನನ್ನು ನೋಡಲು ಬಂದ ದಿನವೇ ಅದರ ಹಣೆಬರಹ ಬರೆದಾಗಿತ್ತು. ಅತ್ತೆ ಜಮಖಾನೆಯ ಮೇಲೆ ಕೂತು, "ಒಂದ ಹಾಡ ಹೇಳವಾ ತಂಗಿ" ಅಂದರು. ನಾನು ಕಣ್ಣು ಮುಚ್ಚಿ, ಭಕ್ತಿಯಿಂದಲೇ ಶುರು ಮಾಡಿದೆ. ಪಲ್ಲವಿ ಮುಗಿಯುವ ಮೊದಲೇ ಅತ್ತೆಯ ಕೈ ಮೇಲಕ್ಕೆ ಹೋಯಿತು. "ಸಾಕವಾ ಸಾಕು. ಚಾ ತಗೊಂಡ ಬಾ." ಚಹಾ ಚೆನ್ನಾಗಿತ್ತು. ಅದರ ಬಲದ ಮೇಲೆಯೇ ನನ್ನ ಮದುವೆ ಆಯಿತು ಅಂತ ನನ್ನ ಖಚಿತ ನಂಬಿಕೆ. ಬೈಲಹೊಂಗಲದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಶುಕ್ರವಾರವೇ ಅತ್ತೆ ನನ್ನ ಕೈಗೆ ಗಂಟೆ ಕೊಟ್ಟರು. ಅಂದಿನಿಂದ ಅದು ನನ್ನ ಕೈ ಬಿಟ್ಟಿಲ್ಲ.

ಹಾಗಂತ ನಾನು ದಡ್ಡಿಯಲ್ಲ ಕಣ್ರೀ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಶಬ್ದದ ಪಾಠ ನನ್ನಷ್ಟು ಚೆಂದ ಮಾಡುವವರು ತಾಲೂಕಿನಲ್ಲಿ ಇಲ್ಲ ಅಂತ ನಾನೇ ಹೇಳಿಕೊಳ್ಳುತ್ತೇನೆ, ಬೇರೆ ಯಾರೂ ಹೇಳದ ಕಾರಣ. ಕಂಪನ ಅಂದರೇನು, ಆವೃತ್ತಿ ಅಂದರೇನು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಸ್ವರಕವೆಯನ್ನು, ಅದೇ ಟ್ಯೂನಿಂಗ್ ಫೋರ್ಕನ್ನು, ಮೇಜಿಗೆ ಬಡಿದು ಮಕ್ಕಳಿಗೆ ಅದರ ನಾದ ಕೇಳಿಸುತ್ತೇನೆ. ಅದೇ ಸ್ವರವನ್ನು ಬಾಯಲ್ಲಿ ತೆಗೆದು ತೋರಿಸುವ ಧೈರ್ಯ ಮಾತ್ರ ಮಾಡಿಲ್ಲ. ಸ್ವರಕವೆ ಒಂದು ದಾರಿ ಹಿಡಿದರೆ ನನ್ನ ಗಂಟಲು ಇನ್ನೊಂದು ದಾರಿ ಹಿಡಿಯುತ್ತದೆ ಅಂತ ಮನೆಯವರು ಅಂತಾರೆ.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು, ನಮ್ಮ ನೆಗೆಣ್ಣಿ ಇಲ್ಲದಿದ್ದರೆ. ನೆಗೆಣ್ಣಿ ಅಂದರೆ ನಮ್ಮವರ ಅಣ್ಣನ ಹೆಂಡತಿ, ರಾಮದುರ್ಗದ ಶಾಂತಕ್ಕ. ಆಕೆ ಸಂಗೀತ ಕಲಿತವರು, ಪರೀಕ್ಷೆ ಕಟ್ಟಿದವರು, ತಂಬೂರಿಯನ್ನು ತೊಡೆಯ ಮೇಲೆ ಕೂಸಿನ ಹಾಗೆ ಮಲಗಿಸಿಕೊಳ್ಳುವವರು. ಹಬ್ಬಕ್ಕೆ ಅವರು ಬಂದರೆ ಅತ್ತೆಯ ಮುಖ ಮೊರದಗಲ ಆಗುತ್ತದೆ. "ಶಾಂತಾ, ಆ ಸಾಲ ಮತ್ತೊಮ್ಮಿ ಹೇಳ" ಅಂತಾರೆ. ನನ್ನ ಕಡೆ ತಿರುಗಿ, "ನೀ ಗಂಟಿ ಸ್ವಲ್ಪ ಹಗೂರಕ ಬಾರಸ. ಆಕೀ ದನಿ ಕೇಳಸವಲ್ದು" ಅಂತಾರೆ. ನನಗೆ ಬಂಗಾರ ಬೇಡ, ಇಳಕಲ್ ಸೀರೆ ಬೇಡ. ಒಂದೇ ಒಂದು ಸಲ ಅತ್ತೆಯ ಬಾಯಿಂದ "ಇವತ್ತ ನೀ ಹಾಡ" ಅನ್ನುವ ಮಾತು ಬಂದರೆ ಸಾಕಿತ್ತು. ಅದಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೇನೆ ಅಂತ ಲೆಕ್ಕ ಹಾಕಿದರೆ ನನಗೇ ನಾಚಿಕೆಯಾಗುತ್ತದೆ, ಬೇಡ ಬಿಡಿ.

ನಮ್ಮ ಸೀಮೆಯಲ್ಲಿ ಒಂದು ಸಣ್ಣ ಸಮುದಾಯ ರೇಡಿಯೋ ಇದೆ. ಬೀಜದ ದರ, ದನದ ಜ್ವರ, ನವಿಲುತೀರ್ಥದ ಕಾಲುವೆಗೆ ನೀರು ಬಿಡುವ ಸುದ್ದಿ, ಇವುಗಳ ನಡುವೆ ಭಾನುವಾರ ಬೆಳಿಗ್ಗೆ ಒಂದು ಕಾರ್ಯಕ್ರಮ. ಒಂದೇ ಹಾಡನ್ನು ಮೂರು ಬೇರೆ ಬೇರೆ ಧ್ವನಿಮುದ್ರಣಗಳಲ್ಲಿ ಕೇಳಿಸುತ್ತಾರೆ. ಮುಂದಿನ ಭಾನುವಾರ ಕೇಳುಗರು ಫೋನ್ ಮಾಡಿ ಯಾವುದು ಉತ್ತಮ, ಯಾಕೆ ಉತ್ತಮ ಅಂತ ಹೇಳಬೇಕು. ಯಾರ ಕಾರಣ ಎಲ್ಲಕ್ಕಿಂತ ಚೆನ್ನಾಗಿದೆಯೋ ಅವರಿಗೆ 'ವಾರದ ಕಿವಿ' ಅನ್ನುವ ಬಿರುದು, ಜೊತೆಗೆ ಒಂದು ಸ್ಟೀಲಿನ ತಂಬಿಗೆ. ಮೊಬೈಲಿನಲ್ಲೂ ಬರುತ್ತದೆ ಆದ್ದರಿಂದ ರಾಮದುರ್ಗದಲ್ಲೂ ಕೇಳುತ್ತಾರೆ. ಶಾಂತಕ್ಕನ ಶೋಕೇಸಿನಲ್ಲಿ ಅಂಥ ತಂಬಿಗೆಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಯಾರೂ ನೀರು ಕುಡಿಯುವಂತಿಲ್ಲ. ಬಂದವರಿಗೆ ಬೇರೆ ತಂಬಿಗೆಯಲ್ಲಿ ನೀರು ಕೊಟ್ಟು, ಇವನ್ನು ತೋರಿಸುತ್ತಾರೆ.

ಈ ಬೇಸಿಗೆಯಲ್ಲಿ ಒಂದು ಭಾನುವಾರ ಕಾರ್ಯಕ್ರಮದ ವೀಣಾ ಮೇಡಂ, "ಸದಾ ಭಜನಿ, ಅಭಂಗ ಕೇಳತೇವಿ, ಈ ಸಲ ಬ್ಯಾರೆ ಊರಿಗೆ ಹೋಗೂಣು" ಅಂದು ಯುರೋಪಿನ ಯಾವುದೋ ಹಳೇ ಕಾಲದವರ ರಚನೆ ಹಾಕಿದರು. ನುಡಿಸುವವರು ನಾಲ್ಕೇ ಜನ ಅಂತ ಅವರೇ ವಿವರಿಸಿದರು. ಇಬ್ಬರು ಪಿಟೀಲಿನವರು, ಒಬ್ಬರ ಕೈಯಲ್ಲಿ ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಿಯೋಲ, ಇನ್ನೊಬ್ಬರ ಕಾಲ ನಡುವೆ ಎದೆಯೆತ್ತರದ ಚೆಲ್ಲೋ. ಹಾಡುವವರಿಲ್ಲ, ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಹಾರ್ಮೋನಿಯಂ ಇಲ್ಲ ಅಂತ ತಿಳಿದ ಕೂಡಲೇ ನಮ್ಮವರಿಗೆ ಸಿಟ್ಟು ಬಂತು. ಅವರು ಎಂ.ಕೆ. ಹುಬ್ಬಳ್ಳಿ ಕಡೆ ಗುಮಾಸ್ತಿಕೆ ಮಾಡುತ್ತಾರೆ, ಸಂಜೆಗೆ ಭಜನೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಾರೆ. "ಪೆಟ್ಟಿಗಿ ಇಲ್ಲದ ಸಂಗೀತ ಎಂಥಾದ್ದ? ಉಪ್ಪಿಲ್ಲದ ಸಾರು" ಅಂದು ಎದ್ದು ಹೋದರು.

ನನಗೆ ಮಾತ್ರ ಒಳಗೊಳಗೇ ಕುಣಿಯುವಷ್ಟು ಖುಷಿ. ಯಾಕೆ ಹೇಳಿ? ಅಭಂಗ ಆದರೆ ಶಾಂತಕ್ಕನಿಗೆ ಗೊತ್ತು, ನನಗೆ ಗೊತ್ತಿಲ್ಲ. ಇದು ಶಾಂತಕ್ಕನಿಗೂ ಗೊತ್ತಿಲ್ಲ! ಇಡೀ ಜನ್ಮದಲ್ಲಿ ಮೊದಲ ಸಲ ಸಂಗೀತದ ವಿಷಯದಲ್ಲಿ ನಾವಿಬ್ಬರೂ ಸರಿಸಮ. ಈ ಸಲ ಆ ತಂಬಿಗೆ ನಮ್ಮ ಮನೆಗೆ ಬರಲೇಬೇಕು ಅಂತ ನಿಶ್ಚಯ ಮಾಡಿದೆ. ವೀಣಾ ಮೇಡಂ ಮೂರೂ ಮುದ್ರಣಗಳನ್ನು ಕೇಳುಗರ ಮೊಬೈಲಿಗೆ ಕಳಿಸಿದ್ದರು. ಕೋಣೆಯ ಬಾಗಿಲು ಹಾಕಿಕೊಂಡು ಮೂರನ್ನೂ ಒಂದರ ಹಿಂದೆ ಒಂದು ಕೇಳಿದೆ. ಅಯ್ಯೋ ಶಿವನೇ, ಮೂರೂ ಒಂದೇ! ಯಾವುದು ಮುಗಿದು ಯಾವುದು ಶುರುವಾಯಿತು ಅಂತ ಮೊಬೈಲ್ ನೋಡಿಯೇ ತಿಳಿಯಬೇಕು. ಮೂರನೆಯದು ಹಳೆಯದು, ಸ್ವಲ್ಪ ಕರಕರ ಅನ್ನುತ್ತದೆ ಅನ್ನುವುದೊಂದು ಬಿಟ್ಟರೆ ನನ್ನ ಕಿವಿಗೆ ಬೇರೇನೂ ಸಿಗಲಿಲ್ಲ. 'ಮೂರನೆಯದು ಕರಕರ' ಅಂದರೆ ತಂಬಿಗೆ ಕೊಡುತ್ತಾರೆಯೇ? ಅತ್ತೆಯ ತೀರ್ಪು ಸರಿಯೇ ಇತ್ತೇನೋ ಅಂತ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಶಾವಿಗೆಯ ವಾರ ಬಂತು. ವರ್ಷಕ್ಕಾಗುವಷ್ಟು ಶಾವಿಗೆಯನ್ನು ಬೇಸಿಗೆಯಲ್ಲೇ ಹೊಸೆದು ಒಣಗಿಸಿ ಇಡುವುದು ನಮ್ಮ ಮನೆಯ ಪದ್ಧತಿ. ಶಾವಿಗೆ ಈಗ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ತಿರುವುವ ಮಷೀನೂ ಬಂದಿದೆ. ಇವನ್ನೆಲ್ಲ ಅತ್ತೆಗೆ ಹೇಳಿ ನೋಡಿ. "ಮಷೀನಿನ ಶಾವಿಗಿ ನೀ ಉಣ್ಣ, ನನಗ ಹಲ್ಲಿಲ್ಲ" ಅಂತಾರೆ. ಅವರಿಗೆ ಹಲ್ಲು ಎಲ್ಲ ಇವೆ. ಪಕ್ಕದ ಮನೆಯ ಹಸೀನಾಬಾನು ಪ್ರತಿ ವರ್ಷ ನಮ್ಮ ಜೊತೆ ಕೂಡುತ್ತಾರೆ. ಅವರ ರಂಜಾನಿನ ಪಾಯಸಕ್ಕೂ ಇದೇ ಶಾವಿಗೆ, ನಮ್ಮ ಯುಗಾದಿಗೂ ಇದೇ ಶಾವಿಗೆ.

ಕೆಲಸ ಹೀಗೆ. ಉದ್ದನೆಯ ಮಣೆಯ ಒಂದು ತುದಿಯನ್ನು ಮಂಚದ ಮೇಲೆ ಏರಿಸಿ ಇಳಿಜಾರಾಗಿ ಇಡುತ್ತೇವೆ. ಅದರ ಮೇಲೆ ಕೂತು ಅತ್ತೆ ಅಂಗೈಯಲ್ಲಿ ಕಣಕವನ್ನು ಒತ್ತಿ ಉಜ್ಜಿ ಎಳೆ ಹೊಸೆಯುತ್ತಾರೆ. ಕೆಳಗೆ ಹಸೀನಾ ಆ ಎಳೆಯನ್ನು ಹಗುರವಾಗಿ ಜಗ್ಗಿ ಕೈಗೆ ಸುತ್ತಿಕೊಳ್ಳುತ್ತಾರೆ. ಅದನ್ನು ನಾನು ತೆಗೆದುಕೊಂಡು ಕೋಲಿನ ಮೇಲೆ ನೇತುಹಾಕುತ್ತೇನೆ. ಕಣಕ ನಾದಿ ನಾದಿ ಕೊಡುವುದು ನಮ್ಮವರು, ಹಾರ್ಮೋನಿಯಂ ಬಾರಿಸುವ ಬೆರಳಿಗೆ ವ್ಯಾಯಾಮ ಅಂತ ನಾನು ಒಪ್ಪಿಸಿದ್ದೇನೆ. ನಾಲ್ವರಲ್ಲಿ ಒಬ್ಬರು ಅವಸರ ಮಾಡಿದರೂ ಎಳೆ ಪಟ್ಟಂತ ಹರಿಯುತ್ತದೆ. ಒಬ್ಬರು ತಡ ಮಾಡಿದರೆ ಅದು ಬೆರಳಿನ ಗಾತ್ರ ಆಗಿ ಕೂರುತ್ತದೆ. ಹರಿದರೆ ಅತ್ತೆ ಬೈಯುವುದು ನನ್ನನ್ನೇ. ಎಳೆಯಿಂದ ಎಲ್ಲಕ್ಕಿಂತ ದೂರ ನಿಂತವಳು ನಾನೇ ಆದರೂ.

ಭಾನುವಾರ ಹತ್ತಿರ ಬರುತ್ತಿತ್ತು, ನನಗೆ ಬೇರೆ ಹೊತ್ತು ಸಿಗಲಿಲ್ಲ. ಕಿಟಕಿಯಲ್ಲಿ ಸ್ಪೀಕರ್ ಇಟ್ಟು ಮೊದಲನೆಯ ಮುದ್ರಣ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಎಳೆ ಹರಿಯಿತು. ಮತ್ತೆ ಹರಿಯಿತು. "ಏನ ಧಾಡಿ ಆಗೇತಿ ಇವತ್ತ? ಹಸೀನಾ, ನೀ ಯಾಕ ಹಂಗ ಜಗ್ಗತಿ?" ಅಂದರು ಅತ್ತೆ. "ನಾ ಎಲ್ಲಿ ಜಗ್ಗೇನ್ರಿ ಅಮ್ಮಾ, ನೀವ ಓಡಸಾಕತ್ತೀರಿ" ಅಂದರು ಹಸೀನಾ. ಅವರ ಜಗಳದ ನಡುವೆ ಮುದ್ರಣ ಮುಗಿದು ಎರಡನೆಯದು ಶುರುವಾಯಿತು. ಈಗ ಎಳೆ ಹರಿಯಲಿಲ್ಲ, ಆದರೆ ಅತ್ತೆಯ ಕೈ ನಿಧಾನವಾಯಿತು, ನಮ್ಮವರು ಕಣಕದ ಮೇಲೆ ಕೈಯಿಟ್ಟೇ ತೂಕಡಿಸಿದರು, ಶಾವಿಗೆ ದಪ್ಪ ದಪ್ಪ ಬಂತು. ಮೂರನೆಯದು, ಆ ಕರಕರ ಅನ್ನುವುದು, ಬಂದಾಗ ನಾನು ಕೋಲಿನ ಹತ್ತಿರ ಸುಮ್ಮನೆ ನಿಂತುಬಿಟ್ಟೆ. ಎಳೆ ಬಂದೇ ಬಂತು. ಕೂದಲಿನಷ್ಟು ಸಣ್ಣಗೆ, ಉದ್ದಕ್ಕೆ, ಹರಿಯದೆ. ಯಾರೂ ಮಾತಾಡಲಿಲ್ಲ, ಅತ್ತೆ ಕೂಡ. ಅತ್ತೆ ಮಾತಾಡದೆ ಶಾವಿಗೆ ಹೊಸೆದದ್ದನ್ನು ನಾನು ಮೊದಲ ಸಲ ನೋಡಿದೆ.

ವಿಜ್ಞಾನದ ಟೀಚರ್ ಸುಮ್ಮನಿರುತ್ತಾಳೆಯೇ? ಒಮ್ಮೆ ಆದದ್ದನ್ನು ನಂಬಬಾರದು ಅಂತ ಮಕ್ಕಳಿಗೆ ಹೇಳುವವಳು ನಾನೇ. ಮರುದಿನ ಯಾರಿಗೂ ತಿಳಿಯದಂತೆ ಸರದಿ ಬದಲಾಯಿಸಿದೆ. ಮೂರನೆಯದನ್ನು ಮೊದಲು ಹಾಕಿದೆ, ಮೊದಲನೆಯದನ್ನು ಕೊನೆಗೆ ಹಾಕಿದೆ. ಹೊಸ ಕಣಕ ಕೊಟ್ಟು ನೋಡಿದೆ, ಹಳೆ ಕಣಕ ಕೊಟ್ಟು ನೋಡಿದೆ. ಗಂಡನನ್ನು ಮಾತ್ರ ಬದಲಾಯಿಸುವ ಅನುಕೂಲ ಇರಲಿಲ್ಲ. ಪ್ರತಿ ಸಲವೂ ಅದೇ ಫಲಿತಾಂಶ. ಕೊನೆಗೆ ಹಸೀನಾ ತಲೆ ಎತ್ತಿ, "ಟೀಚರ್ರ, ಆ ಮುದುಕರದ್ದ ಹಚ್ಚರಿ. ಅವರದ್ದಿದ್ರ ಕೈ ತಾವ ಹೋಗತಾವು" ಅಂದರು. ನುಡಿಸಿದವರು ಮುದುಕರು ಅಂತ ಅವರಿಗೆ ಯಾರು ಹೇಳಿದರೋ. ಕರಕರ ಕೇಳಿ ಹಾಗಂದುಕೊಂಡಿರಬೇಕು.

ಆಗ ನಾನು ಸ್ಪೀಕರಿನ ಹತ್ತಿರ ಹೋಗಿ, ಎಳೆಯನ್ನು ನೋಡುತ್ತಾ ಕೇಳಿದೆ. ಕೇಳಿಸಿತು ಕಣ್ರೀ! ಒಂದು ಕಡೆ ಮೇಲಿನ ಪಿಟೀಲು ಹಾಡಿ ಮುಗಿಸುತ್ತದೆ, ಚೆಲ್ಲೋ ಮಾತು ಶುರು ಮಾಡಬೇಕು. ಶುರು ಮಾಡುವ ಮೊದಲು ಅದು ಒಂದು ಉಸಿರು ತೆಗೆದುಕೊಳ್ಳುತ್ತದೆ. ಮೊದಲನೆಯ ಮುದ್ರಣದಲ್ಲಿ ಉಳಿದ ಮೂವರು ಆ ಉಸಿರಿಗೆ ಕಾಯದೆ ಮುಂದೆ ಹೋಗುತ್ತಾರೆ. ಎರಡನೆಯದರಲ್ಲಿ ಎಲ್ಲರೂ ಮೊದಲೇ ಮಲಗಿದ್ದಾರೆ. ಮೂರನೆಯದರಲ್ಲಿ ಮೂವರೂ ಒಂದು ಕೂದಲೆಳೆಯಷ್ಟು ನಿಂತು, ಅದು ಬಂದ ಮೇಲೆ ಕೂಡಿಯೇ ಹೊರಡುತ್ತಾರೆ. ಇಷ್ಟೇ. ಆದರೆ ಆ ಇಷ್ಟು ನನಗೆ ಕೇಳಿಸಿತಲ್ಲ! ಶಾವಿಗೆಯ ಕೋಲು ಹಿಡಿದುಕೊಂಡೇ ನಾನು ಎರಡು ಸುತ್ತು ಕುಣಿದೆ. "ಶಾವಿಗಿ ಉದುರತಾವು, ಹುಚ್ಚಿ" ಅಂದರು ಅತ್ತೆ. ಉದುರಿದರೆ ಉದುರಲಿ ಅನ್ನಿಸಿತು.

ಭಾನುವಾರ ಬೆಳಿಗ್ಗೆಯೇ ಮೊಬೈಲ್ ಹಿಡಿದು ಕೂತೆ. ಕಿತ್ತೂರಿನಿಂದ ಒಬ್ಬರು ಫೋನ್ ಮಾಡಿ, ಮೊದಲನೆಯದೇ ಚಲೋ, ಲಗೂನ ಮುಗಿಯುತ್ತದೆ ಅಂದರು. ಸವದತ್ತಿಯ ಒಬ್ಬ ಅಜ್ಜ, "ಮೂರೂ ಚಲೋ ಅದಾವ್ರಿ, ಯಾರಿಗೂ ಬ್ಯಾಸರ ಮಾಡಬ್ಯಾಡ್ರಿ" ಅಂದ. ಆಮೇಲೆ ರಾಮದುರ್ಗ. ಶಾಂತಕ್ಕನ ದನಿ ರೇಡಿಯೋದಲ್ಲಿ ಜೇನು ಸುರಿದಂತೆ ಬಂತು. "ಎರಡನೇದ್ದರ ನಾದ ಭಾಳ ಶುದ್ಧ ಐತ್ರಿ ಮೇಡಂ. ಆದ್ರ ಒಂದ ಮಾತ ಹೇಳಾಕಬೇಕು. ಮೂರೂ ರೆಕಾರ್ಡಿನ್ಯಾಗ ಆಲಾಪನ ನಡದೈತಿ. ಕಡೀಕ ತಬಲಾ ಬರತೈತಿ, ಬರತೈತಿ ಅಂತ ನಾ ಕುಂತೇ ಕುಂತೆ. ತಬಲಾದಾಂವ ಬರಲೇ ಇಲ್ಲ. ಇಂಥಾ ದೊಡ್ಡ ಮಂದಿ, ಒಬ್ಬ ತಬಲಾದಾಂವನ್ನ ಕರಸಾಕ ಆಗಲಿಲ್ಲೇನ್ರಿ?" ವೀಣಾ ಮೇಡಂ ಕೆಮ್ಮಿದ್ದು ರೇಡಿಯೋದಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಮುಂದಿನ ಫೋನು ನನ್ನದೇ. "ಹಲೋ" ಅಂದ ಕೂಡಲೇ ನನ್ನ ಹಲೋ ನಮ್ಮ ಪಡಸಾಲೆಯ ರೇಡಿಯೋದಿಂದ ಹೊರಟು, ಫೋನಿಗೆ ಹೊಕ್ಕು, ಕೂ ಅಂತ ಕೂಗಿತು. "ಮನ್ಯಾಗಿನ ರೇಡಿಯೋ ಸಣ್ಣ ಮಾಡ್ರಿ" ಅಂದರು ಮೇಡಂ. ನಾನು ಅತ್ತೆಗೆ ಸನ್ನೆ ಮಾಡಿದೆ. ಅತ್ತೆ ಕೇಳಬೇಕಲ್ಲ! "ಸಣ್ಣ ಮಾಡಿದ್ರ ನಿನ್ನ ಮಾತ ನಾ ಹೆಂಗ ಕೇಳಲಿ?" ಅಂತ ರೇಡಿಯೋವನ್ನು ಎದೆಗವಚಿಕೊಂಡು ಹಸೀನಾರ ಮನೆಗೆ ಓಡಿದರು. ಮೊಣಕಾಲು ನೋವು ಅಂತ ಮಾರ್ಕೆಟ್ಟಿಗೆ ಬರದವರು ಕಾಂಪೌಂಡಿನ ಕಲ್ಲು ದಾಟಿ ಓಡಿದರು. ಎದುರಿಗೇ ನಿಂತು ಕೇಳಬಹುದಿತ್ತು ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ, ರೇಡಿಯೋದಲ್ಲಿ ಬಂದರೇ ಅದು ಮಾತು.

ನಾನು ಹೆಸರು, ಊರು, ಕೆಲಸ ಹೇಳಿ ಶುರು ಮಾಡಿದೆ: "ಮೇಡಂ, ನನಗ ರಾಗ ತಿಳಿಯಂಗಿಲ್ಲ. ಮೊದಲನೇದ್ದರಾಗ ನಾಕೂ ಮಂದಿ ಶಾಣ್ಯಾರದಾರ, ಆದ್ರ ಒಬ್ಬೊಬ್ಬರು ಒಂದೊಂದು ಬಸ್ ಹಿಡ್ಯಾಕ ಹೊಂಟಾರ, ಒಬ್ಬಾಂವ ಯರಗಟ್ಟಿಗೆ, ಒಬ್ಬಾಂವ ಬೆಳಗಾವಿಗೆ. ಎರಡನೇದ್ದು ಊಟಾ ಮಾಡಿ ಅಡ್ಡಾದವರದ್ದು. ಮೂರನೇದ್ದರಾಗ ಚೆಲ್ಲೋದಾಂವ ಒಂದ ಕಡೆ ಉಸರ ತಗೋತಾನ, ಉಳಿದ ಮೂವರೂ ಅವನ ಸಲುವಾಗಿ ನಿಲ್ಲತಾರ. ಅದಕ್ಕ ನಮ್ಮ ಎಳಿ ಹರೀಲಿಲ್ಲ."

ಮೇಡಂ ಕೇಳಿದರು: "ಏನ ಹರೀಲಿಲ್ಲಂದ್ರಿ?"

"ಶಾವಿಗಿ ಎಳಿ ಮೇಡಂ. ದಿನಗಟ್ಟಲೆ ಪರೀಕ್ಷಾ ಮಾಡೇನಿ. ಒಣಗಸಿದ್ದು ಇನ್ನೂ ಕೋಲಿನ ಮ್ಯಾಲ ಐತಿ, ಬೇಕಾದ್ರ ಬಂದ ನೋಡ್ರಿ."

ವೀಣಾ ಮೇಡಂ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಮೊದಲನೆಯದರ ಆ ಜಾಗ ಹಾಕಿದರು, ಆಮೇಲೆ ಮೂರನೆಯದರ ಅದೇ ಜಾಗ ಹಾಕಿದರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲ ಕಡೆ ಆ ಉಸಿರು ಕೇಳಿಸಿತು. "ಈ ವಾರದ ಕಿವಿ, ಬೈಲಹೊಂಗಲದ ಗಿರಿಜಾ ಟೀಚರ್" ಅಂದರು. ಹಸೀನಾರ ಮನೆಯಿಂದ ಅತ್ತೆ ಹಾಕಿದ ಕೇಕೆಗೆ ಅವರ ಕೋಳಿಗಳೆಲ್ಲ ಬೀದಿಗೆ ಬಂದವು. ನಮ್ಮವರು ಒಳಗಿಂದ ಬಂದು, "ಪೆಟ್ಟಿಗಿ ಇದ್ರ ಇನ್ನೂ ಚಲೋ ಇರತಿತ್ತು" ಅಂದರಾದರೂ, ಆ ದಿನ ಪೇಟೆಯಲ್ಲಿ ಎದುರಿಗೆ ಸಿಕ್ಕವರಿಗೆಲ್ಲ ಅವರೇ ಸುದ್ದಿ ಹೇಳಿದರು. ನಾನು? ನಾನು ಸೀರೆಯ ಸೆರಗು ಬಾಯಿಗೆ ಹಿಡಿದು ಅತ್ತುಬಿಟ್ಟೆ, ನಕ್ಕೆ, ಮತ್ತೆ ಅತ್ತುಬಿಟ್ಟೆ. ಗೆದ್ದವರು ವಿನಯದಿಂದ ಇರಬೇಕು ಅಂತಾರೆ. ಅದು ಆಗಾಗ ಗೆಲ್ಲುವವರಿಗೆ. ನಾನು ತಂಬಿಗೆ ಬಂದ ದಿನವೇ ಅದರಲ್ಲಿ ನೀರು ತುಂಬಿ ಎಲ್ಲರೂ ನೋಡುವ ಹಾಗೆ ಗಟಗಟ ಕುಡಿದೆ.

ಶುಕ್ರವಾರ ಶಾಂತಕ್ಕ ತಮ್ಮ ಪಾಲಿನ ಶಾವಿಗೆ ಒಯ್ಯಲು ಬಂದರು. "ಗಿರಿಜಾ, ಭಾಳ ಚಲೋ ಹೇಳಿದಿ" ಅಂತ ಮನಸ್ಸಿನಿಂದಲೇ ಅಂದರು. ಆಮೇಲೆ ದನಿ ತಗ್ಗಿಸಿ, "ಖರೇ ಹೇಳ, ತಬಲಾದಾಂವ ಯಾಕ ಬರಲಿಲ್ಲ?" ಅಂದರು. ಸಂಜೆಗೆ ಪೂಜೆ. ಅಭ್ಯಾಸದಂತೆ ನಾನು ಗಂಟೆಗೆ ಕೈ ಹಾಕಿದೆ. ಅತ್ತೆ ನನ್ನ ಕೈಯಿಂದ ಗಂಟೆ ತೆಗೆದುಕೊಂಡರು. ಶಾಂತಕ್ಕನ ಕೈಗೆ ಕೊಟ್ಟರು. ನನ್ನ ಕಡೆ ತಿರುಗಿ, ಆರತಿಯ ತಟ್ಟೆ ಹಿಡಿದು ಅಂದರು: "ಇವತ್ತ ನೀ ಹಾಡ."

ಅಷ್ಟು ವರ್ಷ ಕಾದಿದ್ದ ಮಾತು. ಶಾಂತಕ್ಕನ ಕೈಯಲ್ಲಿ ಗಂಟೆ! ಆ ಚಿತ್ರವನ್ನು ಕಣ್ಣಲ್ಲಿ ತುಂಬಿಕೊಂಡು, ಗಂಟಲು ಸರಿ ಮಾಡಿಕೊಂಡು, ಎದೆಯುಬ್ಬಿಸಿ ಪಲ್ಲವಿ ಎತ್ತಿದೆ. ಮೊದಲ ಸಾಲು ಹೊರಟಿತು. ಎರಡನೆಯ ಸಾಲಿಗೆ ನನ್ನ ಕಿವಿಗೆ ಏನೋ ತಾಗಿತು. ಯಾರೋ ಪಕ್ಕದಲ್ಲಿ ನಿಂತು ತಗ್ಗಿ, ಅವಸರ ಮಾಡಿ, ಎಲ್ಲೆಲ್ಲೋ ಕಾಲಿಡುತ್ತಿದ್ದಾರೆ. ಯಾರಪ್ಪಾ ಇದು, ಶಾಂತಕ್ಕ ಗಂಟೆ ಬಾರಿಸುತ್ತಾ ದನಿ ಕೂಡಿಸಿದರೇ ಅಂತ ನೋಡಿದೆ. ಅವರ ಬಾಯಿ ಮುಚ್ಚಿತ್ತು. ನಮ್ಮವರ ಬಾಯಿ ಮುಚ್ಚಿತ್ತು. ಹಾಡುತ್ತಿದ್ದವಳು ನಾನೊಬ್ಬಳೇ. ಇಷ್ಟು ವರ್ಷ ಕೇಳಿಸದ ನನ್ನ ಕಂಠ ಅವತ್ತು ಮೊದಲ ಸಲ ನನಗೇ ಕೇಳಿಸಿತು. ಎಳೆ ಹರಿದದ್ದಲ್ಲ ಕಣ್ರೀ, ಎಳೆ ಬಂದೇ ಇರಲಿಲ್ಲ.

ನಾನು ನಿಲ್ಲಿಸಿದೆ.

"ಯಾಕವಾ, ಚಲೋ ಹೊಂಟಿತ್ತಲ್ಲ? ಹಾಡ" ಅಂದರು ಅತ್ತೆ. ಪಾಪ, ಎಂಥ ಪ್ರೀತಿಯಿಂದ ಅಂದರು! ಮಂಗಳಾರತಿಯ ದೀಪ ಕೈಯಲ್ಲಿ ಹಿಡಿದು ದೇವರ ಮುಂದೆ ನನಗಾಗಿ ಹೇಳಿದ ಸುಳ್ಳು ಅದು.

"ಸುಮ್ಮಿರ್ರಿ ಅತ್ತಿ" ಅಂದೆ. "ಈ ಮನ್ಯಾಗ ವಾರದ ಕಿವಿ ಯಾರದ್ದು? ನಂದು. ನಾ ಹೇಳತೇನಿ, ಚಲೋ ಹೊಂಟಿದ್ದಿಲ್ಲ." ಅಂದು ಶಾಂತಕ್ಕನ ಕೈಯಿಂದ ನನ್ನ ಗಂಟೆಯನ್ನು ವಾಪಸ್ಸು ಕಿತ್ತುಕೊಂಡೆ. ಶಾಂತಕ್ಕ ಹಾಡಿದರು. ಒಂದು ಕಡೆ ಅವರು ಉಸಿರು ತೆಗೆದುಕೊಂಡಾಗ ನಾನು ಗಂಟೆಯನ್ನು ಒಂದು ಕೂದಲೆಳೆಯಷ್ಟು ತಡೆದು, ಅವರ ಜೊತೆಗೇ ಬಿಟ್ಟೆ. ಅತ್ತೆ ಕಣ್ಣು ತೆರೆದು ನನ್ನನ್ನೇ ನೋಡಿದರು. ಆರತಿ ಮುಗಿದ ಮೇಲೆ ಶಾಂತಕ್ಕನಿಗೆ ಅವರು ಹೇಳಿದ್ದು ನನಗೆ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದಾಗ ಕೇಳಿಸಿತು, ಈಗ ನನಗೆ ಎಲ್ಲವೂ ಕೇಳಿಸುತ್ತದೆ: "ಶಾಂತಾ, ಮುಂದಿನ ಸಲ ನೀ ಸ್ವಲ್ಪ ಹಗೂರಕ ಹಾಡ. ಆಕೀ ಗಂಟಿ ಕೇಳಸವಲ್ದು."